ಬದುಕಿದ ಮಕ್ಕಳ ಚರಿತ್ರೆ

ನಿತ್ಯಪುಷ್ಪದ ಗಿಡವನ್ನು ಕಾಣದವರು ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಇರಲಾರರು. ಹೆಸರು ತಿಳಿಯದವರುಂಟು, ಗಿಡವನ್ನು ಅರಿಯದವರಿಲ್ಲ. ಕೆಲವರು ಅದನ್ನು ಕಾಶಿಕಣಗಿಲೆ ಎನ್ನುತ್ತಾರೆ. ಹಾಳುಗೋಡೆಯ ಬಿರುಕಿನಲ್ಲಿ, ಬಚ್ಚಲ ನೀರು ಹರಿಯುವೆಡೆಯಲ್ಲಿ, ಊರಾಚೆಯ ಸುಡುಗಾಡಿನ ಅಂಚಿನಲ್ಲಿ, ಗೊಬ್ಬರ ಕೇಳದೆ, ಆರೈಕೆ ಬೇಡದೆ, ದನವೂ ಬಾಯಿ ಹಾಕದೆ, ವರ್ಷದ ಹನ್ನೆರಡು ತಿಂಗಳೂ ನಸುಗೆಂಪಾಗಿಯೋ ಬೆಳ್ಳಗೋ ಅರಳಿಕೊಂಡಿರುತ್ತದೆ. ತಮಿಳರು ಅದಕ್ಕೆ ಸುಡುಗಾಡಿನ ಮಲ್ಲಿಗೆ ಎಂದೇ ಹೆಸರಿಟ್ಟಿದ್ದಾರೆ. ಮೂಲದಲ್ಲಿ ಅದು ಮಡಗಾಸ್ಕರ್ ದ್ವೀಪದ ಗಿಡ. ಯಾವ ಹಡಗಿನಲ್ಲಿ ಯಾರ ಜೊತೆಗೆ ಬಂತೋ, ಬಂದು ನಮ್ಮದೇ ಆಗಿಹೋಯಿತು.

ಕಳೆದ ಶತಮಾನದ ಐವತ್ತರ ದಶಕದಲ್ಲಿ ಈ ಗಿಡದ ಎಲೆಗಳ ಒಂದು ಪೊಟ್ಟಣ ಜಮೈಕಾ ದ್ವೀಪದಿಂದ ಕೆನಡಾ ದೇಶಕ್ಕೆ ಹೋಯಿತು. ಅಲ್ಲಿನ ಜನ ಅದರ ಕಷಾಯವನ್ನು ಸಿಹಿಮೂತ್ರಕ್ಕೆ ಕುಡಿಯುತ್ತಿದ್ದರು. ರಾಬರ್ಟ್ ನೋಬಲ್ ಎಂಬ ವಿಜ್ಞಾನಿ ಅದನ್ನು ಇಲಿಗಳ ಮೇಲೆ ಪ್ರಯೋಗಿಸಿ ನೋಡಿದರು. ಸಕ್ಕರೆಯ ಮಟ್ಟ ಇಳಿಯಲಿಲ್ಲ. ಇಳಿದದ್ದು ರಕ್ತದ ಬಿಳಿಕಣಗಳ ಸಂಖ್ಯೆ. ಬೇರೆಯವರಾಗಿದ್ದರೆ ಪೊಟ್ಟಣವನ್ನು ಕಸಕ್ಕೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರೇನೋ. ಬಿಳಿಕಣಗಳು ಮಿತಿಮೀರಿ ಹೆಚ್ಚುವ ರೋಗವೊಂದಿದೆಯಲ್ಲ ಎಂಬುದು ಇವರಿಗೆ ಹೊಳೆಯಿತು. 1958ರ ಹೊತ್ತಿಗೆ ನೋಬಲ್ ಮತ್ತು ಅವರ ಜೊತೆಗಾರ ಚಾರ್ಲ್ಸ್ ಬಿಯರ್ ಎಲೆಯಿಂದ ಒಂದು ಸಾರವನ್ನು ಬೇರ್ಪಡಿಸಿದರು. ಇತ್ತ ಅಮೆರಿಕದ ಲಿಲ್ಲಿ ಕಂಪೆನಿಯಲ್ಲಿ ಗಾರ್ಡನ್ ಸ್ವೊಬೋಡ ಎಂಬಾತ ಅದೇ ಎಲೆಯಿಂದ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದನ್ನು ತೆಗೆದರು. 1963ರಲ್ಲಿ ಅದು ಔಷಧದ ಪಟ್ಟಿಗೆ ಸೇರಿತು. ಟನ್ನುಗಟ್ಟಲೆ ಎಲೆ ಅರೆದರೆ ಸಿಕ್ಕುವುದು ಕೆಲವೇ ಗ್ರಾಂ. ಇಂದು ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮಗುವಿಗೆ, ಅದು ನ್ಯೂಯಾರ್ಕಿನದಾಗಲಿ ನೆಲಮಂಗಲದ್ದಾಗಲಿ, ಆ ಸಾರ ಬಹುಮಟ್ಟಿಗೆ ಮೈಗೆ ಹೋಗಿರುತ್ತದೆ.

ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಹೇಳಿದವನು. ಪಾಣಿಪತ್ತಿನ ಮೂರು ಯುದ್ಧಗಳನ್ನು ತಾರೀಖುಸಹಿತ ಒಪ್ಪಿಸುತ್ತಿದ್ದ ನಮಗೆ ಈ ಯುದ್ಧದ ಒಂದು ತಾರೀಖನ್ನೂ ಪಠ್ಯಪುಸ್ತಕ ಹೇಳಿಕೊಡಲಿಲ್ಲ. ಅದರ ಅರ್ಧ ಕಥೆ ನಮ್ಮ ದೇಶದ್ದೇ ಆಗಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಿ ಹೇಳುತ್ತೇನೆ; ವಾಚಕರು ಸೈರಿಸಬೇಕು.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿದ್ದರು; ಏಕೆಂದು ಕಂಡುಹಿಡಿಯುವುದು ಅವರ ಕೆಲಸ. ನಾನಾ ಪರೀಕ್ಷೆಗಳ ತರುವಾಯ ಆ ತಾಯಂದಿರನ್ನು ಗುಣಪಡಿಸಿದ್ದು ಮಾರ್ಮೈಟ್ ಎಂಬ ಅಗ್ಗದ ಈಸ್ಟಿನ ಲೇಹ್ಯ! ಅದರಲ್ಲಿದ್ದ ಅಜ್ಞಾತ ವಸ್ತುವಿಗೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಖಂಡ ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಸ್ಪ್ರೂ ಎಂಬ ಹೊಟ್ಟೆಯ ಕಾಯಿಲೆ ಅವರ ಅಣ್ಣತಮ್ಮಂದಿರನ್ನು ಬಲಿ ತೆಗೆದುಕೊಂಡಿತ್ತು. ಫೋಲಿಕ್ ಆಮ್ಲ ಆ ಕಾಯಿಲೆಗೂ ಮದ್ದು. ಅಮೆರಿಕದ ಲೆಡರ್ಲೆ ಕಂಪೆನಿಯಲ್ಲಿ ಕುಳಿತು 1945ರಲ್ಲಿ ಅವರು ಅದನ್ನು ಸಾಧಿಸಿದರು.

ಆದರೆ ವಿಧಿ ಇಲ್ಲೊಂದು ತಿರುವನ್ನು ಇಟ್ಟಿತ್ತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಫೋಲಿಕ್ ಆಮ್ಲದ ಬಗೆಯ ಪದಾರ್ಥವನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದಾಗ ರೋಗ ತಗ್ಗುವ ಬದಲು ಕೆರಳಿದಂತೆ ಕಂಡಿತು. ಹಾಗಾದರೆ ಅದಕ್ಕೆ ವಿರುದ್ಧವಾದದ್ದನ್ನು ಕೊಟ್ಟರೆ? ಸುಬ್ಬರಾಯರ ತಂಡ ಅಂಥ ವಿರೋಧಿ ಪದಾರ್ಥಗಳನ್ನೂ ಮಾಡಿತ್ತು. 1947ರ ಡಿಸೆಂಬರ್ ಕೊನೆಯ ವಾರ ಫಾರ್ಬರ್ ಅಮಿನೋಪ್ಟೆರಿನ್ ಎಂಬುದನ್ನು ಒಂದು ಮಗುವಿಗೆ ಚುಚ್ಚಿದರು. 1948ರ ಜೂನ್ ತಿಂಗಳಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ವೃತ್ತಾಂತವಿತ್ತು. ಅವರಲ್ಲಿ 10 ಮಂದಿಗೆ ರೋಗ ಕೆಲವು ತಿಂಗಳ ಮಟ್ಟಿಗೆ ಹಿಂದೆ ಸರಿದಿತ್ತು. ಆಮೇಲೆ ಮರಳಿ ಬಂತು. ಸುಬ್ಬರಾಯರು ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಅವರ ಹೆಸರಿನ ಒಂದು ರಸ್ತೆಯಾದರೂ ಕಣ್ಣಿಗೆ ಬಿದ್ದಿದೆಯೇ ಎಂದು ವಾಚಕರೇ ನೆನೆದು ನೋಡಲಿ.

ಮುಂದಿನ ಅಧ್ಯಾಯ ಮೆಂಫಿಸ್ ಎಂಬ ಊರಿನದು. 1962ರಲ್ಲಿ ಅಲ್ಲಿ ಸೇಂಟ್ ಜೂಡ್ ಎಂಬ ಮಕ್ಕಳ ಆಸ್ಪತ್ರೆ ಬಾಗಿಲು ತೆರೆದಾಗ, ರಕ್ತದ ಕ್ಯಾನ್ಸರ್ ತಗುಲಿದ ನೂರು ಮಕ್ಕಳಲ್ಲಿ ಬದುಕುವವರು ನಾಲ್ಕು. ಡೊನಾಲ್ಡ್ ಪಿಂಕೆಲ್ ಎಂಬ ಮುಖ್ಯ ವೈದ್ಯರು ಒಂದೊಂದಾಗಿ ಕೊಡುತ್ತಿದ್ದ ಔಷಧಗಳನ್ನೆಲ್ಲ ಒಟ್ಟಿಗೆ ಹೂಡಿದರು; ನಮ್ಮ ನಿತ್ಯಪುಷ್ಪದ ಸಾರವೂ ಅದರಲ್ಲಿ ಸೇರಿತ್ತು. ರೋಗ ಮಿದುಳಿನ ಮರೆಯಲ್ಲಿ ಅವಿತುಕೊಳ್ಳುತ್ತದೆಂದು ಕಂಡು, ತಲೆಗೆ ವಿಕಿರಣವನ್ನೂ ಬೆನ್ನುಹುರಿಯ ನೀರಿಗೆ ಔಷಧವನ್ನೂ ಕೊಟ್ಟರು. 1967ರ ಕೊನೆಯಲ್ಲಿ ಆರಂಭವಾದ ಈ ಐದನೆಯ ಕ್ರಮದಲ್ಲಿ ಅರ್ಧದಷ್ಟು ಮಕ್ಕಳು ಉಳಿದುಕೊಂಡರು. ಅಂದರೆ ಮನುಷ್ಯಕುಲದಲ್ಲಿ ಅದುವರೆಗೆ ಇಲ್ಲದಿದ್ದ ಒಂದು ಹೊಸ ಪಂಗಡ ಹುಟ್ಟಿತು: ಚಿಕ್ಕಂದಿನಲ್ಲಿ ಕ್ಯಾನ್ಸರ್ ಆಗಿ, ವಾಸಿಯಾಗಿ, ದೊಡ್ಡವರಾಗುವವರು. ನಾನು ಹೇಳಹೊರಟಿರುವ ಚರಿತ್ರೆ ಇವರದು.

ಬೆಂಗಳೂರಿಗೆ ಬರೋಣ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಕೇಂದ್ರದಲ್ಲಿ ಆಹಾರಮಂತ್ರಿಯಾಗಿದ್ದು 1954ರಲ್ಲಿ ತೀರಿಕೊಂಡ ರಫಿ ಅಹಮದ್ ಕಿದ್ವಾಯಿಯವರ ಹೆಸರು ಅದಕ್ಕೆ. ‘ಗಂಥಿ’ ಎಂಬ ಪದ ಮಾತ್ರ ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ, ‘ಕಿದ್ವಾಯಿ’ ನಿಂತಿತು. ನಮ್ಮ ಹಳ್ಳಿಗಳಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳುವುದಿಲ್ಲ. ‘ಅವರ ಮಗೂನ ಕಿದ್ವಾಯಿಗೆ ಕರ್ಕೊಂಡು ಹೋದ್ರಂತೆ’ ಎಂದರೆ ಕೇಳಿದವರು ನಾಲಗೆ ಲೊಚಗುಟ್ಟಿ ಸುಮ್ಮನಾಗುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಗೇ ಸೇರಿದ್ದವು. ಆಮೇಲೆ ಬೆಂಗಳೂರು ಗ್ರಾಮಾಂತರವಾದವು. 2025ರ ಜುಲೈಯಲ್ಲಿ ಮಂತ್ರಿಮಂಡಲ ಜಿಲ್ಲೆಯನ್ನು ಬೆಂಗಳೂರು ಉತ್ತರವೆಂದು ಕರೆಯಲು ತೀರ್ಮಾನಿಸಿತು. ಹೆಸರು ಏನಾದರೂ ಆಗಲಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟ ತಾಯಿಗೆ ಬಹುಕಾಲ ಇದ್ದ ದಾರಿ ಒಂದೇ: ಬೆಳಗಿನ ಮೊದಲ ಬಸ್ಸು, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು, ಆಮೇಲೆ ಸರದಿ ಸಾಲು.

ಆ ಸಾಲಿನಲ್ಲಿ ನಿಂತವರಿಗೆ ಫಲ ಸಿಕ್ಕಲು ಕಾರಣವಾದ ಇನ್ನೊಂದು ಘಟನೆಯನ್ನೂ ಹೇಳಬೇಕು. 1984ರಿಂದ ಮದ್ರಾಸಿನ ಕ್ಯಾನ್ಸರ್ ಸಂಸ್ಥೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆ ಈ ಮೂರೂ ಸೇರಿ, ಅಮೆರಿಕದ ಇಯಾನ್ ಮೆಗ್ರಾತ್ ಅವರ ಜೊತೆಗೂಡಿ, ನಮ್ಮ ದೇಶದ ಶಕ್ತಿಗೆ ಹೊಂದುವಂಥ ಒಂದೇ ಚಿಕಿತ್ಸಾಕ್ರಮವನ್ನು ಅನುಸರಿಸತೊಡಗಿದವು. ಮದ್ರಾಸಿನ ಡಾಕ್ಟರ್ ಶಾಂತಾ, ಮುಂಬಯಿಯ ಡಾಕ್ಟರ್ ಆಡ್ವಾಣಿ ಮೊದಲಾದವರು ಇದರಲ್ಲಿದ್ದರು. ಅದರ ಹೆಸರು ಎಂ.ಸಿ.ಪಿ. 841 ಎಂದು, ಮೋಟಾರು ಬಂಡಿಯ ನಂಬರಿನ ಹಾಗಿದೆ. ಅದಕ್ಕೆ ಮುಂಚೆ ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ ರೋಗ ಮರಳದೆ ಉಳಿಯುತ್ತಿದ್ದವರು ನೂರಕ್ಕೆ 20ಕ್ಕಿಂತ ಕಡಮೆ; ಈ ಕ್ರಮದಿಂದ ನಾಲ್ಕು ವರ್ಷದ ಲೆಕ್ಕದಲ್ಲಿ ಅದು 45ರಿಂದ 60ಕ್ಕೆ ಏರಿತು. ಕ್ರಮ ಮೂರು ಊರುಗಳಲ್ಲೇ ನಿಲ್ಲದೆ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಹೀಗಾಗಿ ತೊಂಬತ್ತರ ದಶಕದಿಂದೀಚೆಗೆ ಈ ಹೊಸ ಪಂಗಡದವರು ನಮ್ಮ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡರು. ‘ಕಾಣಿಸಿಕೊಂಡರು’ ಎಂಬ ಮಾತು ಸರಿಯಲ್ಲವೇನೋ. ಸಿಡುಬು ಮುಖದ ಮೇಲೆ ಗುರುತು ಬಿಟ್ಟುಹೋಗುತ್ತಿತ್ತು. ಪೋಲಿಯೊ ಕಾಲಿನ ಮೇಲೆ. ಈ ರೋಗದಿಂದ ಎದ್ದ ಮಗುವಿಗೆ ಕೂದಲು ಮತ್ತೆ ಬೆಳೆದರೆ ಗುರುತೇ ಇಲ್ಲ.

ಇನ್ನು ಸಾಲದ ಮಾತು. ನೇಕಾರರ ಊರಿನಲ್ಲಿ ಬಾಳಿದವನಿಗೆ ಈ ಹೋಲಿಕೆಯೇ ಮೊದಲು ತೋಚುತ್ತದೆ. ಸಿಡುಬು ಬಂದು ಹೋದರೆ ಋಣ ತೀರಿತು, ಆ ದೇಹಕ್ಕೆ ಅದು ಮತ್ತೆ ಬಾರದು. ಕ್ಯಾನ್ಸರಿನ ಚಿಕಿತ್ಸೆ ಹಾಗಲ್ಲ. ರೋಗದ ಕಣವನ್ನು ಕೊಲ್ಲಲು ಕೊಟ್ಟ ವಿಷ ಬೆಳೆಯುವ ದೇಹದ ಮೇಲೂ ಬರೆ ಎಳೆದಿರುತ್ತದೆ. ಬಡ್ಡಿ ಕೇಳಲು ಬರುವುದು ಹತ್ತು, ಇಪ್ಪತ್ತು, ಮೂವತ್ತು ವರ್ಷದ ಮೇಲೆ.

ಇದನ್ನು ಮೊದಲು ಅರಿತವರು ಮಕ್ಕಳನ್ನು ಉಳಿಸಿದ ವೈದ್ಯರೇ. 1975ರಲ್ಲಿ ಜೂಲಿಯೊ ಡಾಂಜಿಯೊ ಒಂದು ಲೇಖನ ಬರೆದರು. ವಾಸಿ ಮಾಡಿದರೆ ಸಾಲದು ಎಂಬುದು ಅದರ ತಲೆಬರಹದ ತಾತ್ಪರ್ಯ. ಉಳಿದ ಮಕ್ಕಳು ಇಡೀ ಬಾಳನ್ನು ಬಾಳಬೇಕಾದವರು, ಆದ್ದರಿಂದ ಅವರ ಮೇಲೆ ಕಣ್ಣಿಟ್ಟಿರಬೇಕು ಎಂದು ಅವರ ವಾದ. ಫಿಲಡೆಲ್ಫಿಯಾದ ಆನಾ ಮೆಡೋಸ್ ಎಂಬ ವೈದ್ಯೆ, ತಲೆಗೆ ವಿಕಿರಣ ಪಡೆದ ಮಕ್ಕಳ ಬುದ್ಧಿಯ ಚುರುಕು ವರ್ಷಗಳು ಕಳೆದಂತೆ ತಗ್ಗುವುದನ್ನು 1981ರಲ್ಲಿ ತೋರಿಸಿದರು. ಮೆಂಫಿಸ್ಸಿನಲ್ಲಿ ಪ್ರಾಣ ಉಳಿಸಿದ್ದ ಆ 2400 ರ್‍ಯಾಡ್ ವಿಕಿರಣವೇ ಲೆಕ್ಕ ತಪ್ಪಿಸುತ್ತಿತ್ತು, ಎತ್ತರ ಬೆಳೆಯಗೊಡುತ್ತಿರಲಿಲ್ಲ. ಆಮೇಲೆ ಅದರ ಪ್ರಮಾಣವನ್ನು ಇಳಿಸಿದರು. ಮುಂದೆ ಅನೇಕ ಕಡೆ ಹೆಚ್ಚಿನ ಮಕ್ಕಳಿಗೆ ಅದನ್ನು ಬಿಟ್ಟೇಬಿಟ್ಟರು. ನಾನು ಪಾಠ ಹೇಳಿದ ಕಾಲದಲ್ಲಿ ‘ದಡ್ಡ’ ಎಂದು ಹಿಂದಿನ ಬೆಂಚಿಗೆ ಕಳುಹಿಸಿದ ಹುಡುಗರಲ್ಲಿ ಅಂಥವನೊಬ್ಬ ಯಾವ ಶಾಲೆಯಲ್ಲೂ ಇರಲಿಲ್ಲವೆಂದು ಯಾವ ಉಪಾಧ್ಯಾಯನೂ ಆಣೆ ಮಾಡಲಾರ.

ಹೃದಯದ ಕಥೆ ಇನ್ನೂ ವಿಚಿತ್ರ. ಇಟಲಿಯಲ್ಲಿ ಕಾಸ್ಟೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಬಳಿಯ ಮಣ್ಣಿನಿಂದ ತೆಗೆದ ಸೂಕ್ಷ್ಮಜೀವಿಯೊಂದು ಕೆಂಪುಬಣ್ಣದ ಔಷಧವನ್ನು ಕೊಟ್ಟಿತು. ಆ ಜಾತಿಯ ಔಷಧಗಳು ಈಗಲೂ ಬಳಕೆಯಲ್ಲಿವೆ; ರೋಗಿಗಳ ಭಾಷೆಯಲ್ಲಿ ಅದು ‘ಕೆಂಪು ಇಂಜೆಕ್ಷನ್’. ಕ್ಯಾನ್ಸರಿಗೆ ಅದು ಸಿಂಹದಂಥದು, ಹೃದಯದ ಸ್ನಾಯುವಿಗೆ ಮಾತ್ರ ಶತ್ರು. 1991ರಲ್ಲಿ ಬಾಸ್ಟನ್ನಿನ ಸ್ಟೀವನ್ ಲಿಪ್‌ಶುಲ್ಟ್ಸ್ ಮತ್ತು ಸಂಗಡಿಗರು, ಹಿಂದೆ ಈ ಔಷಧ ಪಡೆದು ಚೆನ್ನಾಗಿಯೇ ಓಡಾಡಿಕೊಂಡಿದ್ದ ಮಕ್ಕಳ ಹೃದಯವನ್ನು ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಏನಾದರೊಂದು ಕುಂದಿತ್ತು. ಹುಡುಗಿಯರಿಗೆ ಪೆಟ್ಟು ಹೆಚ್ಚೆಂದು ಆಮೇಲೆ ಗೊತ್ತಾಯಿತು. ಇದಲ್ಲದೆ ಕೆಲವು ಔಷಧಗಳು ಕಿವಿಯನ್ನು ಮಂದಮಾಡುತ್ತವೆ, ಕೆಲವು ಸಂತಾನಶಕ್ತಿಯನ್ನು ಕುಗ್ಗಿಸುತ್ತವೆ. ಕುತ್ತಿಗೆಗೆ ಬಿದ್ದ ವಿಕಿರಣ ಥೈರಾಯ್ಡ್ ಗ್ರಂಥಿಯನ್ನು ಕೆಡಿಸುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ಮೊದಲಿನದಕ್ಕೆ ಸಂಬಂಧವಿಲ್ಲದ ಎರಡನೆಯ ಕ್ಯಾನ್ಸರ್. ಹಸುಗೂಸಿನ ಕಣ್ಣಿನಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು ತೋರಿ ಆರಂಭವಾಗುವ ಅಕ್ಷಿಪಟಲದ ಕ್ಯಾನ್ಸರ್ ಕೆಲವರಲ್ಲಿ ವಂಶವಾಹಿಯ ದೋಷದಿಂದ ಬರುತ್ತದೆ; ಅಂಥವರಿಗೆ ದೊಡ್ಡವರಾದಮೇಲೂ ಮೂಳೆ ಮೊದಲಾದೆಡೆ ಅಪಾಯ ಉಳಿದಿರುತ್ತದೆ, ಅವರ ಮಕ್ಕಳ ಕಣ್ಣನ್ನೂ ಹುಟ್ಟಿದೊಡನೆ ನೋಡಿಸಬೇಕು. ನಮ್ಮ ದೇಶದ ಹಳಬರಿಗೆ ಇನ್ನೊಂದು ಬಡ್ಡಿಯೂ ಉಂಟು. ದಾನಿಗಳ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆಯೇ ಎಂಬ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮುಂಚೆ ಬಾಟಲಿಗಟ್ಟಲೆ ರಕ್ತ ಪಡೆದ ಮಕ್ಕಳು ಒಮ್ಮೆಯಾದರೂ ಪಿತ್ತಕೋಶವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ.

ಅಮೆರಿಕದಲ್ಲಿ 1994ರಿಂದ ಇಂಥವರನ್ನು ಸಾವಿರಗಟ್ಟಲೆ ಲೆಕ್ಕವಿಟ್ಟು ಅನುಸರಿಸುತ್ತಿದ್ದಾರೆ. 2006ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹೊರಬಂತು. ಅವರ ಸರಾಸರಿ ವಯಸ್ಸು ಇಪ್ಪತ್ತಾರೂವರೆ. ನೂರಕ್ಕೆ 62 ಮಂದಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ. 27 ಮಂದಿಗೆ ಗಂಭೀರವಾದದ್ದು. ಮೆಂಫಿಸ್ಸಿನ ಆಸ್ಪತ್ರೆ ತನ್ನ ಹಳೆಯ ಮಕ್ಕಳನ್ನೇ ಮರಳಿ ಕರೆಸಿ ತಪಾಸಣೆ ಮಾಡಿ 2013ರಲ್ಲಿ ಹೇಳಿದ್ದು ಇನ್ನೂ ಕಠಿಣ: 45 ವರ್ಷವಾಗುವ ಹೊತ್ತಿಗೆ ನೂರಕ್ಕೆ 80 ಮಂದಿಗೆ ಗಂಭೀರ ತೊಂದರೆ ಇರುತ್ತದೆಂದು ಅಂದಾಜು. ವಾಚಕರು ಗಾಬರಿಯಾಗಬಾರದು. ಇವರೆಲ್ಲ ಹಳೆಯ ಕಾಲದ ಭಾರೀ ಚಿಕಿತ್ಸೆ ಪಡೆದವರು. ಚಿಕಿತ್ಸೆಯ ಕೈ ಹಗುರವಾದಂತೆ ಬಡ್ಡಿಯೂ ಇಳಿದಿದೆ: ಐದು ವರ್ಷ ದಾಟಿ ಬದುಕಿದವರಲ್ಲಿ ಹದಿನೈದು ವರ್ಷದೊಳಗೆ ಸಾಯುತ್ತಿದ್ದವರು ಎಪ್ಪತ್ತರ ದಶಕದ ಆರಂಭದಲ್ಲಿ ನೂರಕ್ಕೆ 12, ತೊಂಬತ್ತರ ದಶಕದಲ್ಲಿ 6. ಲೆಕ್ಕವಿಟ್ಟವರಿಗೆ ಮಾತ್ರ ಇಂಥ ಸಮಾಧಾನ ಸಿಕ್ಕುತ್ತದೆ.

ನಮ್ಮಲ್ಲಿ ಲೆಕ್ಕವೆಲ್ಲಿ? ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಲ್ಲೇ ಆರಂಭವಾಯಿತು. ದೇಶದ ಮೊದಲ ನೋಂದಣಿಗಳಲ್ಲಿ ಅದೊಂದು, ಹೆಮ್ಮೆಯ ಸಂಗತಿಯೇ. ಆದರೆ ಅದರ ಎಲ್ಲೆ ನಗರಪ್ರದೇಶ. ನಮ್ಮ ತಾಲ್ಲೂಕುಗಳ ಹಳ್ಳಿಗಳು ಅದರ ಆಚೆ. ಹೊಸಕೋಟೆಯ ಹಳ್ಳಿಯ ಮಗು ಆಸ್ಪತ್ರೆಯ ಪುಸ್ತಕದಲ್ಲಿ ರೋಗಿಯಾಗಿ ಬರೆಯಲ್ಪಡುತ್ತದೆ. ಊರಿಗೆ ಮರಳಿ ದೊಡ್ಡದಾದಮೇಲೆ ಅದು ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ಬೀದಿಯಲ್ಲೇ ಒಬ್ಬ ಕೂಲಿ ನೇಕಾರನಿದ್ದ. ಅವನ ಮಗಳಿಗೆ ಏಳನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಆಯಿತು. ತೊಂಬತ್ತರ ದಶಕದ ಮಾತು. ಎರಡೂವರೆ ವರ್ಷ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಓಡಾಡಿದರು. ಆಸ್ಪತ್ರೆಯ ದಿನ ಮಗ್ಗ ನಿಲ್ಲುತ್ತಿತ್ತು. ಮಗ್ಗ ನಿಂತರೆ ಕೂಲಿಯಿಲ್ಲ. ಅಷ್ಟರಲ್ಲೇ ಬಿಟ್ಟುಬಿಟ್ಟವರು ಎಷ್ಟೋ ಜನ, ಇವನು ಬಿಡಲಿಲ್ಲ. ಕೊನೆಗೊಂದು ದಿನ ‘ಇನ್ನು ಔಷಧ ಬೇಡ’ ಎಂದರು. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು, ಮದುವೆಯಾದಳು. ಕೆಲವು ವರ್ಷ ತಪಾಸಣೆಗೆ ಹೋದರು, ಆಮೇಲೆ ನಿಲ್ಲಿಸಿದರು. ಏಕೆ ನಿಲ್ಲಿಸಿದಿರಿ ಎಂದು ಕೇಳಿದೆ.

“ಬದುಕಿದಳಲ್ಲ ಮೇಷ್ಟ್ರೇ, ನಮಗೆ ಅಷ್ಟೇ ಸಾಕಾಗಿತ್ತು. ಆ ಮೆಟ್ಟಿಲು ಮತ್ತೆ ಹತ್ತಬಾರದು ಅಂತ ದೇವರಿಗೆ ಹರಕೆ ಕಟ್ಟಿಕೊಂಡಿದ್ವಿ.”

ಡಾಂಜಿಯೊ ಸಾಲದೆಂದದ್ದು, ಇವನು ಸಾಕೆಂದದ್ದು. ಇಬ್ಬರನ್ನೂ ನಾನು ತಪ್ಪೆನ್ನಲಾರೆ.

ಅವಳು ಚೊಚ್ಚಲ ಬಸುರಿಯಾದಾಗ ಏದುಸಿರು ಹತ್ತಿತು. ಮೊದಲು ತೋರಿಸಿದ ಕಡೆ ರಕ್ತಹೀನತೆಯೆಂದು ಮಾತ್ರೆ ಕೊಟ್ಟರು. ಹಳೆಯ ಕಾಯಿಲೆಯನ್ನು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ರಾತ್ರಿ ಮಲಗಲಾರದೆ ಕೂತುಕೊಳ್ಳುವ ಸ್ಥಿತಿ ಬಂದಮೇಲೆ ಬೆಂಗಳೂರಿಗೆ ಒಯ್ದರು. ಅಲ್ಲಿನ ತರುಣ ವೈದ್ಯೆಯೊಬ್ಬಳು, “ಚಿಕ್ಕವಳಿದ್ದಾಗ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇನಮ್ಮಾ?” ಎಂದು ಕೇಳಿದಳಂತೆ. ತಾಯಿ ಅಳಿಯನ ಮುಖ ನೋಡಿ, ನೆಲ ನೋಡಿ, ಹೇಳಿಬಿಟ್ಟಳು. ವೈದ್ಯೆ ಹಳೆಯ ಫೈಲು ಕೇಳಿದಳು. ಅಪ್ಪ ಅದೇ ರಾತ್ರಿ ಊರಿಗೆ ಬಂದು, ಮಗ್ಗದ ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಅದನ್ನು ತೆಗೆದ. ಅಂಚನ್ನು ಹುಳು ತಿಂದಿತ್ತು. ಔಷಧಗಳ ಹಾಳೆ ಉಳಿದಿತ್ತು. ಕೆಂಪು ಇಂಜೆಕ್ಷನ್ ಎಷ್ಟು ಸಾರಿ, ಎಷ್ಟು ಪ್ರಮಾಣ, ಎಲ್ಲ ಅದರಲ್ಲಿತ್ತು. ಹೃದಯದ ಪರೀಕ್ಷೆ ನಡೆಯಿತು, ಔಷಧ ಬದಲಾಯಿತು, ಹೃದಯದ ವೈದ್ಯರನ್ನು ಹತ್ತಿರ ಇಟ್ಟುಕೊಂಡೇ ಹೆರಿಗೆಯಾಯಿತು. ಗಂಡುಮಗು, ಈಗ ಶಾಲೆಗೆ ಹೋಗುತ್ತಾನೆ. ಅವಳಿಗೆ ಹೃದಯದ ಮಾತ್ರೆ ಮಾತ್ರ ತಪ್ಪಿಲ್ಲ.

ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದವರಿಗೆಂದೇ ಪ್ರತ್ಯೇಕ ವಿಭಾಗವನ್ನು 1991ರಲ್ಲೇ ತೆರೆದರು. ಡಾಕ್ಟರ್ ಪೂರ್ಣಾ ಕುರ್ಕುರೆಯವರ ಶ್ರಮ ಅದು. ರೋಗ ಮರಳಿತೇ ಎಂದು ನೋಡುವುದಷ್ಟೇ ಅಲ್ಲ. ಎತ್ತರ, ತೂಕ, ಹೃದಯ, ಕಿವಿ, ಶಾಲೆಯ ಅಂಕ, ಮನಸ್ಸು ಎಲ್ಲವನ್ನೂ ವರ್ಷವರ್ಷವೂ ಕೇಳುತ್ತಾರೆ. ರೈಲ್ವೆಯವರು ಕ್ಯಾನ್ಸರ್ ರೋಗಿಗಳಿಗೆ ಕೊಡುವ ರಿಯಾಯಿತಿ ನಿಯತ ತಪಾಸಣೆಯ ಪ್ರಯಾಣಕ್ಕೂ ಅನ್ವಯಿಸುತ್ತದೆಂಬುದು ಎಷ್ಟೋ ಮನೆಗಳಿಗೆ ತಿಳಿಯದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಂದು ಗುರಿ ಇಟ್ಟಿತು: 2030ರ ಹೊತ್ತಿಗೆ ಲೋಕದಲ್ಲಿ ಕ್ಯಾನ್ಸರಾದ ಮಕ್ಕಳಲ್ಲಿ ನೂರಕ್ಕೆ 60 ಮಂದಿಯಾದರೂ ಬದುಕಬೇಕು. ಗುರಿ ಮುಟ್ಟಿದರೆ ಈ ಪಂಗಡ ಇನ್ನೂ ಬೆಳೆಯುತ್ತದೆ. ಅವರಲ್ಲಿ ಪ್ರತಿಯೊಬ್ಬರ ಕೈಗೂ ಚಿಕಿತ್ಸೆ ಮುಗಿದ ದಿನ ಒಂದೇ ಹಾಳೆ, ಕನ್ನಡದಲ್ಲಿ ಬರೆದದ್ದು, ಯಾವ ಔಷಧ, ಎಷ್ಟು, ವಿಕಿರಣ ಎಲ್ಲಿಗೆ, ಮುಂದೆ ಯಾವ ಯಾವ ಪರೀಕ್ಷೆ ಎಂಬುದನ್ನು ತಿಳಿಸುವಂಥದು ಸಿಕ್ಕಬೇಕೆಂದು ನನ್ನ ಆಸೆ. ಜಮೀನಿನ ಪಹಣಿಯನ್ನು ಜೋಪಾನವಾಗಿಡುವ ಜನ ಇದನ್ನೂ ಇಡುತ್ತಾರೆ.

ನೇಕಾರನ ಮಗಳು ಈಚೆಗೆ ಹಬ್ಬಕ್ಕೆ ತವರಿಗೆ ಬಂದಿದ್ದಳು. ಫೈಲು ಏನಾಯಿತೆಂದು ವಿಚಾರಿಸಿದೆ. ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯಲ್ಲಿ ಮೂರು ಜೆರಾಕ್ಸ್ ಮಾಡಿಸಿದ್ದಾಳಂತೆ. ಒಂದು ಅಪ್ಪನ ಪೆಟ್ಟಿಗೆಯಲ್ಲಿ, ಒಂದು ಗಂಡನ ಹತ್ತಿರ.

“ಮೂರನೆಯದು?”

“ನನ್ನ ಬೀರುವಿನಲ್ಲಿ ಸಾರ್, ಮದುವೆ ಸೀರೆ ಮಡಿಕೆಯೊಳಗೆ. ನಮ್ಮ ಅತ್ತೆಗೆ ಇನ್ನೂ ಹೇಳಿಲ್ಲ.”